ಅಜ್ಜಿಯ ಭರಣಿಯ ಅಳತೆ

ನಮ್ಮ ಮಹಿಳಾ ವೇದಿಕೆಯ ಈ ಸಲದ ಇ-ಸ್ಮರಣ ಸಂಚಿಕೆಗೆ ಅಡುಗೆಮನೆಯ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ, ನಾನು ಧಾರವಾಡದ ಪೇಡೆಯನ್ನೋ ನಮ್ಮ ಕಡೆಯ ಜೋಳದ ರೊಟ್ಟಿಯನ್ನೋ ಹಿಡಿದು ಕೂರೋಣ ಎಂದುಕೊಂಡಿದ್ದೆ. ಆದರೆ ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಜಗಳ ನನ್ನನ್ನು ಬೇರೆ ಕಡೆಗೇ ಎಳೆದುಕೊಂಡು ಹೋಯಿತು. ವಿಷಯ ಸ್ವಲ್ಪ ಮುಜುಗರದ್ದು. ಹುದುಗು, ಸಕ್ಕರೆ ಮತ್ತು ಅವೆರಡೂ ಸೇರಿದಾಗ ಆಗುವ ಮದ್ಯ. ಓದಿ ಮುಗಿಸುವವರೆಗೆ ದಯವಿಟ್ಟು ನನ್ನನ್ನು ಕ್ಷಮಿಸಿ.

ನನ್ನ ಸೊಸೆ ಕೊಡಗಿನವಳು. ಅವಳ ತವರಿನಲ್ಲಿ ದ್ರಾಕ್ಷಿ, ಶುಂಠಿ, ಗಾಂಧಾರಿ ಮೆಣಸು, ವೀಳ್ಯದೆಲೆ ಹೀಗೆ ಏನೇನೋ ಹಾಕಿ ಮನೆಯಲ್ಲೇ ವೈನ್ ಮಾಡುವ ರೂಢಿ. ಮದುವೆಯಾಗಿ ಪುಣೆಗೆ ಬಂದ ಮೊದಲ ಚಳಿಗಾಲದಲ್ಲಿ ಅವಳು ಎರಡು ಕಿಲೋ ಕಪ್ಪು ದ್ರಾಕ್ಷಿ, ಎರಡು ಕಿಲೋ ಸಕ್ಕರೆ, ಒಂದು ಪೊಟ್ಟಣ ಬ್ರೆಡ್ಡಿನ ಯೀಸ್ಟ್ ತಂದು ಅಡುಗೆ ಕಟ್ಟೆಯ ಮೇಲಿಟ್ಟಳು. ನಾನು ನೋಡಿದವಳೇ "ಈ ಮನೆಯಲ್ಲಿ ಅದು ಆಗೋದಿಲ್ಲ" ಎಂದೆ. ಧ್ವನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಅವಳು ಏನೂ ಅನ್ನಲಿಲ್ಲ. ದ್ರಾಕ್ಷಿಯನ್ನು ತೊಳೆದು ಬಟ್ಟಲಿಗೆ ಹಾಕಿ ಎಲ್ಲರಿಗೂ ತಿನ್ನಲು ಕೊಟ್ಟಳು.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನನ್ನ ದೊಡ್ಡಣ್ಣ ಸಾರಾಯಿಯಿಂದಲೇ ಹೋದ. ನಲವತ್ತು ವಯಸ್ಸು ತುಂಬಿರಲಿಲ್ಲ. ಅತ್ತಿಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ನಡೆದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲಿಂದ ಹುಳಿತ ಹಣ್ಣಿನ ವಾಸನೆ ಬಂದರೂ ನನಗೆ ಹೊಟ್ಟೆ ತೊಳೆಸುತ್ತದೆ.

ಅಂದು ರಾತ್ರಿ ತಪ್ಪಿತಸ್ಥ ಭಾವದಿಂದ ಧಾರವಾಡಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗ ಎಂಬತ್ತೈದು ದಾಟಿದೆ. ಎಲ್ಲ ಕೇಳಿ ನಕ್ಕು, "ನಿಮ್ಮಜ್ಜಿನೂ ಮಾಡತಿದ್ದಳಲ್ಲ" ಎಂದಳು. ನಾನು ಸುಮ್ಮನಾದೆ. ಮಡಿ ಹುಡಿ ಎಂದು ಬದುಕಿದ ನಮ್ಮಜ್ಜಿ!

ಅಜ್ಜಿ ಮಾಡುತ್ತಿದ್ದುದು ಬಾಣಂತಿಯರಿಗೆ ಕೊಡುವ ದ್ರಾಕ್ಷಿಯ ಔಷಧ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ದಾಲ್ಚಿನ್ನಿ, ಏಲಕ್ಕಿ, ಗಂಧಿಗೆ ಅಂಗಡಿಯಿಂದ ತಂದ ಧಾತಕಿ ಹೂವು ಹಾಕಿ, ಚೀನೀ ಭರಣಿಯ ಬಾಯಿಗೆ ಅರಿವೆ ಕಟ್ಟಿ, ಜೋಳದ ರಾಶಿಯೊಳಗೆ ತಿಂಗಳುಗಟ್ಟಲೆ ಹುಗಿದಿಡುತ್ತಿದ್ದಳಂತೆ. ಬೆಲ್ಲ ಎಷ್ಟು ಹಾಕಬೇಕು ಎಂದು ಕೇಳಿದರೆ ಒಂದೇ ಮಾತು: "ಅದು ಉಣ್ಣೋವಷ್ಟು ಹಾಕು, ಅದು ಮುಳುಗೋವಷ್ಟು ಹಾಕಬ್ಯಾಡ." 'ಅದು' ಯಾವುದು ಎಂದು ಅಜ್ಜಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಆದರೆ ಒಳಗೆ ಜೀವವಿರುವ ಏನೋ ಇದೆ, ಅದಕ್ಕೆ ಹಸಿವಿದೆ, ಹಸಿವಿಗೂ ಮಿತಿ ಇದೆ ಎಂಬುದು ತಿಳಿದಿತ್ತು.

ಆ ಒಂದು ಮಾತಿನ ಹಿಂದೆ ಬಿದ್ದು ನಾನು ಕಳೆದ ಕೆಲವು ತಿಂಗಳು ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಿಣ್ವ ಎಂಬ ಹಳೆಯ ಪದ

ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆಲ್ಲ 'ಕಿಣ್ವ' ಎಂದರೆ ಎನ್‌ಝೈಮ್. ಜೊಲ್ಲಿನಲ್ಲಿ ಇರುವುದು, ಜಠರದಲ್ಲಿ ಇರುವುದು. ಈ ಪದ ವಿಜ್ಞಾನ ಪುಸ್ತಕಕ್ಕಾಗಿ ಹೊಸದಾಗಿ ಟಂಕಿಸಿದ್ದು ಎಂದೇ ನಾನು ತಿಳಿದಿದ್ದೆ. ಕೌಟಿಲ್ಯನ ಅರ್ಥಶಾಸ್ತ್ರದ ಅನುವಾದ ತಿರುವಿದಾಗ ಬೆರಗಾಯಿತು. ಅಲ್ಲಿ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಯ ಕೆಲಸಗಳನ್ನು ಹೇಳುವ ಇಡೀ ಒಂದು ಅಧ್ಯಾಯವಿದೆ. ಮದ್ಯಕ್ಕೆ ಹಾಕುವ ಹೆಪ್ಪಿನ ಹೆಸರೇ ಅಲ್ಲಿ ಕಿಣ್ವ.

ಆ ಕಿಣ್ವವನ್ನು ಮಾಡುವ ಕ್ರಮ ಕೇಳಿ. ಉದ್ದನ್ನು ಹಸಿಯಾಗಿಯೋ ಬೇಯಿಸಿಯೋ ಅರೆದ ಹಿಟ್ಟು ಒಂದು ದ್ರೋಣ, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ, ಜೊತೆಗೆ ಕೆಲವು ಬೇರುಗಳ ಪುಡಿ. ಉದ್ದು ಮತ್ತು ಅಕ್ಕಿ! ನಾವು ದಿನಾ ರಾತ್ರಿ ರುಬ್ಬಿಡುವ ಜೋಡಿ. ಇಡ್ಲಿಯ ಮೂಲ ಇದೇ ಎಂದು ನಾನು ವಾದಿಸುತ್ತಿಲ್ಲ. ಕನ್ನಡದಲ್ಲಿ ಇಡ್ಲಿಯ ಹಳೆಯ ಉಲ್ಲೇಖಗಳು ಸುಮಾರು 920ರ ವಡ್ಡಾರಾಧನೆಯಲ್ಲಿ, ಸುಮಾರು 1025ರ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಸಿಗುತ್ತವೆ. ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸುವ ಮಾತಿದೆ, ಅಕ್ಕಿಯ ಮಾತಿಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಯೀಸ್ಟ್ ಕೂಡ ಅಲ್ಲ, ಲ್ಯುಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಆದರೂ ಒಂದು ಮಾತು ನಿಜ. ಹುದುಗು ಬರಿಸುವ ವಿದ್ಯೆ ಒಂದೇ, ಅದರ ಒಂದು ಕವಲು ಇಡ್ಲಿ ಪಾತ್ರೆಗೆ ಹೋಯಿತು, ಇನ್ನೊಂದು ಭಟ್ಟಿಗೆ ಹೋಯಿತು.

ಅದೇ ಅಧ್ಯಾಯದಲ್ಲಿ ಅಳತೆಗಳೂ ಇವೆ. ಮೇದಕ ಎಂಬ ಪಾನೀಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಪ್ರಸ್ಥಕ್ಕೆ ಇಳಿಸಿದರೆ ನೀರು 16, ಅಕ್ಕಿ 2, ಕಿಣ್ವ 3. ಆಸವಕ್ಕೆ ಬೇಲದ ಹಣ್ಣು 100 ಪಲ, ಕಾಕಂಬಿಯಂಥ ಫಾಣಿತ 500 ಪಲ, ಒಂದು ಪ್ರಸ್ಥ ಜೇನು. ಸಿಹಿಯ ಅಳತೆ ಕಾಲುಭಾಗ ಹೆಚ್ಚಾದರೆ ಉತ್ತಮ ದರ್ಜೆ, ಕಾಲುಭಾಗ ಕಡಿಮೆಯಾದರೆ ಕೆಳದರ್ಜೆ. ಎರಡು ಸಾವಿರ ವರ್ಷಗಳ ಹಿಂದೆಯೇ ಸಕ್ಕರೆಯ ಪ್ರಮಾಣದ ಮೇಲೆ ದರ್ಜೆ ಕಟ್ಟಿದ್ದರು ಎಂದಾಯಿತು.

ನನ್ನನ್ನು ನಿಲ್ಲಿಸಿದ್ದು ಕೊನೆಯ ಭಾಗ. ಸುರೆ ಮತ್ತು ಕಿಣ್ವದ ಸಾಮಗ್ರಿಯನ್ನು ಆರಿಸಿ ಹಸನು ಮಾಡುವ ಕೆಲಸವನ್ನು ಅರ್ಥಶಾಸ್ತ್ರ ಹೆಂಗಸರಿಗೂ ಮಕ್ಕಳಿಗೂ ಒಪ್ಪಿಸುತ್ತದೆ. ಸಂಸಾರಸ್ಥರು ಶುಭಕಾರ್ಯಗಳಲ್ಲಿ ಬಿಳಿ ಸುರೆಯನ್ನೂ ಔಷಧಕ್ಕೆಂದು ಅರಿಷ್ಟವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಜಾತ್ರೆ ಉತ್ಸವಗಳಲ್ಲಿ ನಾಲ್ಕು ದಿನ ರಿಯಾಯಿತಿ. ಉಳಿದಂತೆ ಎಲ್ಲವೂ ಸುರಾಧ್ಯಕ್ಷನ ಕಣ್ಗಾವಲಿನಲ್ಲಿ. ಅಂದರೆ ನಮ್ಮಜ್ಜಿಯ ಭರಣಿಗೆ ಕೌಟಿಲ್ಯನ ಪರವಾನಗಿ ಇತ್ತು!

ನಮ್ಮ ಕಡೆಯ ಕಲ್ಯಾಣಕ್ಕೂ ಈ ಕಥೆಯಲ್ಲಿ ಜಾಗವಿದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸರ ಮಧುಪಾನದ ವಿನೋದವನ್ನು ವರ್ಣಿಸುತ್ತಾನೆ. ಅದೇ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವ ಕಾಯಕದವನೊಬ್ಬ ಶರಣನಾಗಿ, ಹೆಂಡದ ಮಾರಯ್ಯ ಎಂಬ ಹೆಸರಿನಲ್ಲಿ ವಚನಕಾರರ ಸಾಲಿಗೆ ಸೇರುತ್ತಾನೆ. ಅರಮನೆಯಲ್ಲಿ ವಿನೋದವಾಗಿದ್ದದ್ದು ಬೀದಿಯಲ್ಲಿ ಸಂಕಟವೂ ಆಗಿತ್ತು ಎಂದು ಆ ಕಾಲದವರಿಗೂ ತಿಳಿದಿರಬೇಕು.

ಬೆಲ್ಲ ಎಷ್ಟು, ಹುದುಗು ಎಷ್ಟು

ಮನೆಯ ಅಳತೆಗೆ ಮತ್ತೊಮ್ಮೆ ಬರೋಣ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಶಾರ್ಙ್ಗಧರ ಸಂಹಿತೆ ಈ ವಿಷಯಕ್ಕೆ ಪ್ರಮಾಣ. ಆಸವ ಅರಿಷ್ಟಗಳಿಗೆ ಬೇರೆ ಅಳತೆ ಹೇಳದೇ ಇದ್ದಾಗ ಅನುಸರಿಸಬೇಕಾದ ಸಾಮಾನ್ಯ ಸೂತ್ರ ಅದರಲ್ಲಿದೆ. ದ್ರವ ಒಂದು ದ್ರೋಣ, ಬೆಲ್ಲ ಒಂದು ತುಲಾ, ಜೇನು ಬೆಲ್ಲದ ಅರ್ಧ, ಪುಡಿಗಳು ಬೆಲ್ಲದ ಹತ್ತನೇ ಒಂದು ಭಾಗ. ದ್ರವಗಳ ಅಳತೆಯನ್ನು ಇಮ್ಮಡಿ ಹಿಡಿಯಬೇಕೆಂಬ ವೈದ್ಯರ ರೂಢಿಯನ್ನೂ ಸೇರಿಸಿಕೊಂಡರೆ, ಇಂದಿನ ಲೆಕ್ಕದಲ್ಲಿ ಸುಮಾರು 24.5 ಲೀಟರ್ ಕಷಾಯಕ್ಕೆ 4.8 ಕಿಲೋ ಬೆಲ್ಲ, 2.4 ಕಿಲೋ ಜೇನು. ಎಲ್ಲ ಕಲೆಸಿದ ಮೇಲೆ ಒಟ್ಟು ದ್ರವದಲ್ಲಿ ಸಕ್ಕರೆ ಹೆಚ್ಚುಕಡಿಮೆ ಐದನೇ ಒಂದು ಪಾಲು.

ಈ ಐದನೇ ಒಂದು ಪಾಲು ಎಷ್ಟು ಸರಿಯಾದ ಅಳತೆ ಎಂಬುದು ಯೂರೋಪಿನ ವಿಜ್ಞಾನಿಗಳ ಲೆಕ್ಕ ಓದಿದಾಗ ಅರ್ಥವಾಯಿತು. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಗೇ-ಲುಸಾಕ್ ಸಕ್ಕರೆ ಮದ್ಯವಾಗುವ ಲೆಕ್ಕವನ್ನು ಬರೆದಿಟ್ಟ. ಇಂದಿನ ಮಾತಿನಲ್ಲಿ ಹೇಳುವುದಾದರೆ 180 ಗ್ರಾಮ್ ಗ್ಲೂಕೋಸಿನಿಂದ 92 ಗ್ರಾಮ್ ಮದ್ಯಸಾರ, 88 ಗ್ರಾಮ್ ಇಂಗಾಲದ ಡೈಆಕ್ಸೈಡ್. ಭರಣಿ ಗುಳುಗುಳು ಅನ್ನುವುದು ಆ ಅನಿಲದಿಂದ. ಇದನ್ನು ಮಾಡುವುದು ಜೀವಂತ ಯೀಸ್ಟ್ ಎಂದು ತೋರಿಸಿದವನು ಲೂಯಿ ಪಾಶ್ಚರ್, 1857ರ ನಂತರ. ಸಕ್ಕರೆಯ ಒಂದು ಚಿಕ್ಕ ಪಾಲು ಯೀಸ್ಟಿನ ಸ್ವಂತ ಬದುಕಿಗೆ ಖರ್ಚಾಗುತ್ತದೆ ಎಂದೂ ಅವನೇ ಅಳೆದ. ಹಾಗಾಗಿ ವೈನ್ ಮಾಡುವವರ ರೂಢಿಯ ಲೆಕ್ಕ ಹೀಗಿದೆ: ಲೀಟರಿಗೆ ಸುಮಾರು 17 ಗ್ರಾಮ್ ಸಕ್ಕರೆ ಕರಗಿದರೆ ನೂರಕ್ಕೆ ಒಂದು ಪಾಲು ಮದ್ಯಸಾರ. ಶಾರ್ಙ್ಗಧರನ ಅಳತೆಯಲ್ಲಿ ಲೀಟರಿಗೆ 200 ಗ್ರಾಮ್ ಸಕ್ಕರೆ ಎಂದರೆ ನೂರಕ್ಕೆ ಸುಮಾರು 12. ಸಾಮಾನ್ಯ ಯೀಸ್ಟ್ ತಾಳಿಕೊಳ್ಳುವ ಗಡಿಯೂ ಅಲ್ಲೇ ಆಸುಪಾಸು. ಅದರಾಚೆಗೆ ತಾನು ಮಾಡಿದ ಮದ್ಯದಲ್ಲಿ ತಾನೇ ಮುಳುಗುತ್ತದೆ. ಅಜ್ಜಿ ಹೇಳಿದ್ದು ಇದನ್ನೇ ಅಲ್ಲವೇ?

ಈಗ ಸೊಸೆಯ ಅಳತೆ ನೋಡೋಣ. ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ, ಎರಡು ಲೀಟರ್ ನೀರು, ಒಂದು ಹಿಡಿ ಗೋಧಿ. ಕರಾವಳಿ ಕ್ರೈಸ್ತರ ಮನೆಗಳಲ್ಲೂ ಕ್ರಿಸ್‌ಮಸ್ ವೈನಿಗೆ ಹೆಚ್ಚುಕಡಿಮೆ ಇದೇ ಸೂತ್ರ ಕೇಳಿದ್ದೇನೆ. ಹಣ್ಣಿನ ಸಿಹಿಯೂ ಸೇರಿ ಇದರಲ್ಲಿ ಲೀಟರಿಗೆ 330 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. ಅಷ್ಟೂ ಮದ್ಯವಾದರೆ ನೂರಕ್ಕೆ 20 ಆಗಬೇಕು, ಆದರೆ ಬ್ರೆಡ್ಡಿನ ಯೀಸ್ಟ್ 10-12ಕ್ಕೆ ಸುಸ್ತಾಗಿ ಕೈಚೆಲ್ಲುತ್ತದೆ. ಲೀಟರಿಗೆ ನೂರು ಗ್ರಾಮಿಗೂ ಮಿಕ್ಕು ಸಕ್ಕರೆ ಹಾಗೇ ಉಳಿಯುತ್ತದೆ. ಮನೆ ವೈನ್ ಯಾವಾಗಲೂ ಪಾನಕದಷ್ಟು ಸಿಹಿ ಇರುವುದು ಇದಕ್ಕೇ.

ಯೀಸ್ಟ್ ಹೆಚ್ಚು ಸುರಿದರೆ ಮದ್ಯ ಹೆಚ್ಚಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆಯೇ. ಎಷ್ಟು ಮದ್ಯ ಎಂಬುದನ್ನು ನಿರ್ಧರಿಸುವುದು ಸಕ್ಕರೆ. ಅದರ ಗಡಿ ಎಲ್ಲಿ ಎಂಬುದನ್ನು ನಿರ್ಧರಿಸುವುದು ಯೀಸ್ಟಿನ ತಳಿ. ಪ್ರಮಾಣ ನಿರ್ಧರಿಸುವುದು ಆರಂಭದ ವೇಗವನ್ನು ಮಾತ್ರ. ವೈನ್ ಮಾಡುವವರು ಒಣ ಯೀಸ್ಟನ್ನು ಲೀಟರಿಗೆ ಕಾಲು ಗ್ರಾಮಿನಷ್ಟು ಹಾಕಿದರೆ ಸಾಕೆನ್ನುತ್ತಾರೆ, ಉಳಿದದ್ದು ತಾನೇ ಮರಿ ಹಾಕಿಕೊಳ್ಳುತ್ತದೆ. ಬರಿಯ ಸಕ್ಕರೆ ನೀರಿನಲ್ಲಿ ಅದು ಬಡಕಲಾಗುತ್ತದೆ, ಏಕೆಂದರೆ ಸಾರಜನಕ ಬೇಕು. ಆ ಹಿಡಿ ಗೋಧಿ ಹಾಕುವುದು ಅದಕ್ಕೇ. ಅಜ್ಜಿಯ ಧಾತಕಿ ಹೂವಿನ ಎಸಳುಗಳಲ್ಲಿ ಕಾಡು ಯೀಸ್ಟ್ ಮನೆ ಮಾಡಿರುತ್ತದೆ, ಹೂವೇ ಅವಳ ಹೆಪ್ಪಿನ ಪೊಟ್ಟಣ. ಜೋಳದ ರಾಶಿಯೊಳಗೆ ಹಗಲು ರಾತ್ರಿ ಒಂದೇ ಹದದ ಬಿಸಿ ಇರುತ್ತದೆ, ಆದ್ದರಿಂದ ಹುಗಿದಿಡುವುದು.

ಮಜಾ ಇನ್ನೊಂದಿದೆ. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ 'ಎನ್‌ಝೈಮ್' ಎಂಬ ಪದ ಕಟ್ಟಿದ. ಗ್ರೀಕಿನಲ್ಲಿ ಅದರ ಅರ್ಥ 'ಹುದುಗಿನೊಳಗಿನದು'. 1897ರಲ್ಲಿ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ಜೀವವಿಲ್ಲದ ರಸದಿಂದಲೂ ಸಕ್ಕರೆ ಮದ್ಯವಾಗುತ್ತದೆ ಎಂದು ತೋರಿಸಿ, 1907ರಲ್ಲಿ ನೊಬೆಲ್ ಪಡೆದ. ಎನ್‌ಝೈಮಿಗೆ ಕನ್ನಡದಲ್ಲಿ 'ಕಿಣ್ವ' ಎಂದು ಹೆಸರಿಟ್ಟ ನಮ್ಮ ಹಿರಿಯರು ಎಷ್ಟು ಸರಿಯಾಗಿ ಆರಿಸಿದ್ದರು ನೋಡಿ. ಸುರಾಧ್ಯಕ್ಷನ ಉಗ್ರಾಣದ ಪದ ಶಾಲೆಯ ಪಠ್ಯಕ್ಕೆ ಬಂತು.

ಅಳತೆ ಸರ್ಕಾರದ ಕೈಗೆ

ಹಾಗಾದರೆ ಮನೆಯ ವಿದ್ಯೆ ಅಪರಾಧವಾದದ್ದು ಯಾವಾಗ? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ 1956ರವರೆಗೆ ಪುಣೆಯ ಜೊತೆಗೇ ಮುಂಬೈ ಆಡಳಿತದಲ್ಲಿದ್ದವು ಎಂಬುದು ನಿಮಗೆ ಗೊತ್ತು. ಹಾಗಾಗಿ ಈ ಭಾಗದ ಇತಿಹಾಸ ನಮ್ಮ ತವರಿಗೂ ನಾವಿರುವ ಊರಿಗೂ ಒಂದೇ.

1878ರಲ್ಲಿ ಮುಂಬೈ ಅಬಕಾರಿ ಕಾಯ್ದೆ ಬಂತು. ಊರೂರಿನ ಚಿಕ್ಕ ಭಟ್ಟಿಗಳು ನಿಂತು, ಕಂತ್ರಾಟುದಾರರ ದೊಡ್ಡ ಭಟ್ಟಿಗಳು ಬಂದವು. ಈಚಲು ಮರಗಳಿಗೆ ತಲೆ ಎಣಿಸಿ ತೆರಿಗೆ ಹಾಕಿದರು. ಥಾಣೆ ಕೊಲಾಬಾ ಕಡೆ ಆದಿವಾಸಿಗಳು ಇಪ್ಪೆ ಹೂವು ಕೂಡಿಡದಂತೆ 1892ರಲ್ಲಿ ಇನ್ನೊಂದು ಕಾಯ್ದೆ. ಇದರಿಂದ ಕುಡಿತ ನಿಲ್ಲಲಿಲ್ಲ. ಹಬ್ಬಕ್ಕೆ ಮನೆಯಲ್ಲಾಗುತ್ತಿದ್ದದ್ದು ವರ್ಷವಿಡೀ ಅಂಗಡಿಯಲ್ಲಿ ಸಿಗತೊಡಗಿತು. ಬೊಕ್ಕಸಕ್ಕೆ ರುಚಿ ಹತ್ತಿತು.

ಪುಣೆಯಲ್ಲಿ ಇದನ್ನು ಮೊದಲೇ ಗುರುತಿಸಿದವರು ಜ್ಯೋತಿರಾವ್ ಫುಲೆ. ನಗರಪಾಲಿಕೆಯ ಸದಸ್ಯರಾಗಿದ್ದ ಅವರು 1880ರಲ್ಲಿ ಊರಿನಲ್ಲಿ ಹೆಚ್ಚುತ್ತಿರುವ ಹೆಂಡದಂಗಡಿಗಳನ್ನು ವಿರೋಧಿಸಿ ಪಾಲಿಕೆಗೆ ಪತ್ರ ಬರೆದರು. 1908ರಲ್ಲಿ ತಿಲಕರ ಮುಂದಾಳತ್ವದಲ್ಲಿ ಇದೇ ಊರಿನ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. 1930ರಲ್ಲಿ ಗಾಂಧೀಜಿ ಮದ್ಯದಂಗಡಿಗಳ ಪಿಕೆಟಿಂಗನ್ನು ಹೆಂಗಸರಿಗೇ ಒಪ್ಪಿಸಿದರು, ಏಕೆಂದರೆ ಕುಡಿತದ ನೋವು ಅವರದೇ. ಅತ್ತ ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದು ಜೈಲಿಗೆ ಹೋದರು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುಂಬೈ ಪಾನನಿಷೇಧ ಕಾಯ್ದೆ ಆಯಿತು. ಅದರಲ್ಲಿ ಮದ್ಯದ ಜೊತೆಗೆ ಕಾಕಂಬಿ, ಇಪ್ಪೆ ಹೂವು, ಕೊನೆಗೆ ಕೊಳೆತ ಬೆಲ್ಲದ ಮೇಲೂ ಕಟ್ಟಳೆ ಇದೆ. ಕೊಳೆತ ಬೆಲ್ಲ! ನಮ್ಮಜ್ಜಿಯ ಉಗ್ರಾಣದವರೆಗೂ ಕಾಯ್ದೆಯ ಕೈ ಚಾಚಿತ್ತು. ಆಗಲೇ ನಡೆದದ್ದು ಅಮ್ಮ ಹೇಳಿದ ಸಂಗತಿ. ಓಣಿಯಲ್ಲಿ ಪೊಲೀಸರು ಮನೆ ಮನೆ ನೋಡುತ್ತಾರಂತೆ ಎಂದು ಯಾರೋ ಪುಕಾರು ಹಬ್ಬಿಸಿದರು. ಅಜ್ಜಿ ನಡುರಾತ್ರಿ ಎದ್ದು, ಜೋಳದ ರಾಶಿಯಿಂದ ಭರಣಿ ತೆಗೆದು, ಹಿತ್ತಲಿನ ಕರಿಬೇವಿನ ಬುಡಕ್ಕೆ ಎಲ್ಲ ಸುರಿದಳು. ಅಮ್ಮನಿಗೆ ಆಗ ಹತ್ತು ಹನ್ನೆರಡು ವರ್ಷ, ಕಂದೀಲು ಹಿಡಿದು ನಿಂತಿದ್ದಳಂತೆ. ಯಾವ ಪೊಲೀಸರೂ ಬರಲಿಲ್ಲ. ಆದರೆ ಆ ಭರಣಿ ಮತ್ತೆ ತುಂಬಲಿಲ್ಲ. ಆಮೇಲೆ ಅದರಲ್ಲಿ ಉಪ್ಪಿನಕಾಯಿ ಹಾಕಿದರು.

1951ರಲ್ಲೇ ಬಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಪಾನನಿಷೇಧವನ್ನು ಬಹುಮಟ್ಟಿಗೆ ಎತ್ತಿ ಹಿಡಿದು, ಮದ್ಯಸಾರವಿರುವ ಔಷಧ ಮತ್ತು ಸುಗಂಧದ್ರವ್ಯಗಳನ್ನು ನಿಷೇಧದಿಂದ ಬಿಡಿಸಿತು. ಆ ತೀರ್ಪಿನ ಸುದ್ದಿ ನಮ್ಮ ಅಜ್ಜಿಯ ಅಡುಗೆಮನೆಗೆ ತಲುಪಲೇ ಇಲ್ಲ. ಅಷ್ಟರಲ್ಲಿ ಬಾಣಂತಿಗೆ ಅಂಗಡಿಯ ಬಾಟಲಿ ತರುವ ಕಾಲ ಬಂದಿತ್ತು.

ನನ್ನ ಅಣ್ಣ ಬೆಳೆಯುವ ಹೊತ್ತಿಗೆ ಕರ್ನಾಟಕದಲ್ಲಿ ಸರ್ಕಾರವೇ ಸಾರಾಯಿಯನ್ನು ಹರಾಜು ಹಾಕುತ್ತಿತ್ತು. ಹಳ್ಳಿ ಹಳ್ಳಿಗೂ ಪ್ಯಾಕೆಟ್ ಬಂತು. ಅದರೊಳಗಿನ ಸಕ್ಕರೆ ಯಾವುದು, ಹುದುಗು ಯಾವುದು, ಎಷ್ಟು ನೀರು ಎಂದು ಯಾವ ಹೆಂಗಸಿಗೂ ಗೊತ್ತಿರಲಿಲ್ಲ. ಅಳತೆ ನಮ್ಮ ಕೈ ತಪ್ಪಿಹೋಗಿತ್ತು, ಪರಿಣಾಮ ಮಾತ್ರ ನಮ್ಮ ಅಂಗಳಕ್ಕೇ ಬಂದು ಬೀಳುತ್ತಿತ್ತು.

ಅದಕ್ಕೆ ಉತ್ತರ ಕೊಟ್ಟವರೂ ಹೆಂಗಸರೇ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅವರ ಮುಂದಾಳು ರೋಸಮ್ಮ. ಇಡೀ ಆಂಧ್ರಕ್ಕೆ ಹಬ್ಬಿದ ಆ ಚಳವಳಿಯ ಬಿಸಿ ನಮ್ಮ ಕಡೆಗೂ ತಟ್ಟಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಆದರೆ ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ, ಕೃಷ್ಣಗಿರಿ ಸುತ್ತ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಬೆಲ್ಲವೂ ಅಲ್ಲ, ಹುದುಗೂ ಅಲ್ಲ. ಕಾರ್ಖಾನೆಗೆ ಬಳಸುವ ಮೆಥನಾಲನ್ನು ಹಣದಾಸೆಗೆ ಬೆರೆಸುವವರು ಕೊಲ್ಲುತ್ತಾರೆ. ಮಹಾರಾಷ್ಟ್ರದಲ್ಲಿ ಹಳ್ಳಿಯ ಹೆಂಗಸರು ಮತ ಹಾಕಿ ಮದ್ಯದಂಗಡಿ ಮುಚ್ಚಿಸಬಹುದು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿಯ ಚಿತ್ರಗಳು. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 'ಆಡವೀ ಬಾಟ್ಲೀ'ಗೆ ಒತ್ತಿದರೆ ಅಂಗಡಿಗೆ ಬೀಗ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಅತ್ತಿಗೆಯ ನೆನಪಾಯಿತು.

ಪಾಷಾಣ ರಸ್ತೆಯ ಗೋಡೆಯಾಚೆ

ನಾನು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವುದು ಪಾಷಾಣದ ಕಡೆಗೆ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಉದ್ದನೆಯ ಗೋಡೆಯ ಪಕ್ಕದಲ್ಲಿ. 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ ಸಂಸ್ಥೆ ಅದು. ಅದರೊಳಗೆ 1951ರಿಂದ ಕೈಗಾರಿಕಾ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹವೊಂದಿದೆ ಎಂದು ಇಷ್ಟು ವರ್ಷ ನನಗೆ ತಿಳಿದಿರಲೇ ಇಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ, ಯೀಸ್ಟುಗಳ ತಳಿಗಳನ್ನು ಶೀತಲದಲ್ಲಿ ಒಣಗಿಸಿ, ಗಾಜಿನ ಪುಟ್ಟ ನಳಿಗೆಗಳಲ್ಲಿ ಮುಚ್ಚಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಕಾಪಾಡುತ್ತಾರೆ. ಕಾಲೇಜುಗಳೂ ಕಾರ್ಖಾನೆಗಳೂ ಬೇಕಾದ ತಳಿಯನ್ನು ಅಲ್ಲಿಂದ ತರಿಸಿಕೊಳ್ಳುತ್ತವೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ತಳಿ ಬೆಳೆಸಿದ ವಿದ್ಯೆಯ ಮುಂದುವರಿಕೆ ಇದು. ಅಜ್ಜಿಯ ಧಾತಕಿ ಹೂವಿನ ಪೊಟ್ಟಣ ನನ್ನ ವಾಕಿಂಗ್ ದಾರಿಯ ಗೋಡೆಯಾಚೆ ಗಾಜಿನ ನಳಿಗೆಯಾಗಿ ಕೂತಿದೆ.

ಅಜ್ಜಿಯ ಅರಿವೆ ಕಟ್ಟಿದ ಭರಣಿ ದೊಡ್ಡದಾಗಿ ಬೆಳೆದದ್ದನ್ನು ನೋಡಬೇಕಾದರೆ ಹಡಪಸರ ದಾಟಿ ಮಾಂಜರಿಗೆ ಹೋಗಬೇಕು. ವಸಂತದಾದಾ ಸಕ್ಕರೆ ಸಂಸ್ಥೆ ಅಲ್ಲಿದೆ. 1975ರಲ್ಲಿ ಡೆಕ್ಕನ್ ಶುಗರ್ ಇನ್‌ಸ್ಟಿಟ್ಯೂಟ್ ಎಂದು ಆರಂಭವಾಗಿ 1989ರಲ್ಲಿ ಈ ಹೆಸರು ಪಡೆಯಿತು. ಕಬ್ಬಿನ ಜೊತೆಗೆ ಮದ್ಯಸಾರದ ತಂತ್ರಜ್ಞಾನವನ್ನೂ ಅಲ್ಲಿ ಕಲಿಸುತ್ತಾರೆ. ಒಂದು ಟನ್ ಕಾಕಂಬಿಯಿಂದ ಸುಮಾರು 225 ಲೀಟರ್ ಮದ್ಯಸಾರ ಬರುತ್ತದೆ. ಅಲ್ಲೂ ಪ್ರಶ್ನೆ ಅದೇ: ಎಷ್ಟು ಸಿಹಿ ಕೊಟ್ಟರೆ ಯೀಸ್ಟ್ ಉಣ್ಣುತ್ತದೆ, ಎಷ್ಟಕ್ಕೆ ಮುಳುಗುತ್ತದೆ, ಬೇಸಿಗೆಯಲ್ಲಿ 35 ಡಿಗ್ರಿ ದಾಟದಂತೆ ಹೇಗೆ ತಂಪಾಗಿಡುವುದು. ನಮ್ಮ ಕಾರಿನ ಪೆಟ್ರೋಲಿಗೆ ಬೆರೆಯುವ ಎಥನಾಲ್ ಹುಟ್ಟುವುದೂ ಹೀಗೆಯೇ. ಮಾಂಜರಿಯಲ್ಲೇ 1997ರಲ್ಲಿ ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಬಂತು. 2001ರಲ್ಲಿ ಮಹಾರಾಷ್ಟ್ರ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿ ಮಾಡಿ ವೈನಿಗೆ ಉತ್ತೇಜನ ಕೊಟ್ಟಿತು.

ಆದರೆ ನಿಮ್ಮ ನನ್ನ ಅಡುಗೆಮನೆಯಲ್ಲಿ? 1949ರ ಆ ಕಾಯ್ದೆ ಈಗ ಮಹಾರಾಷ್ಟ್ರ ನಿಷೇಧ ಕಾಯ್ದೆ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಪರವಾನಗಿ ಇಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. ಭಟ್ಟಿ ಇಳಿಸುವುದಂತೂ ದೂರದ ಮಾತು, ಅದರಲ್ಲಿ ಬೆಂಕಿಯ ಅಪಾಯವೂ ಇದೆ. ಹಾಗಾಗಿ ಇಲ್ಲಿ ಹೇಳಿದ ಅಳತೆಗಳನ್ನು ಇತಿಹಾಸವೆಂದೇ ಓದಿ, ಪ್ರಯೋಗಕ್ಕೆ ಇಳಿಯಬೇಡಿ.

ಇಷ್ಟೆಲ್ಲ ಓದಿಕೊಂಡು ಒಂದು ಭಾನುವಾರ ಸೊಸೆಯನ್ನು ಕೂರಿಸಿಕೊಂಡೆ. ಮೊದಲು ಅಣ್ಣನ ವಿಷಯ ಹೇಳಿದೆ. ಮೂವತ್ತು ವರ್ಷದಲ್ಲಿ ಮನೆಯ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು ಎಂದು ಬರೆಯಹೋಗಿ, ಅವಳು ಹೊರಗಿನವಳಲ್ಲ ಎಂದು ಹೊಳೆದು ಆ ಸಾಲನ್ನು ತಿದ್ದುತ್ತಿದ್ದೇನೆ. ಆಮೇಲೆ ಅಜ್ಜಿಯ ಭರಣಿಯ ಕಥೆ ಹೇಳಿದೆ. ಅವಳು ತನ್ನ ಅವ್ವನ ಅಳತೆಗಳನ್ನು ಹೇಳಿದಳು: ಯಾವ ಹಣ್ಣಿಗೆ ಎಷ್ಟು ಸಕ್ಕರೆ, ಎಷ್ಟನೇ ದಿನ ಸೋಸಬೇಕು, ಮರದ ಸೌಟೇ ಏಕೆ ಬೇಕು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎಡಪುಟದಲ್ಲಿ ಧಾರವಾಡದ ಅಜ್ಜಿಯ ಅಳತೆ, ಬಲಪುಟದಲ್ಲಿ ಕೊಡಗಿನ ಅವ್ವನ ಅಳತೆ ಬರೆದೆವು. ಮನೆಯಲ್ಲಿ ವೈನ್ ಆಗಲಿಲ್ಲ, ಆಗುವುದೂ ಇಲ್ಲ. ಅದಕ್ಕೆ ಕಾಯ್ದೆಯೂ ಕಾರಣ, ನನ್ನ ಅಣ್ಣನೂ ಕಾರಣ. ಆದರೆ "ಆಗೋದಿಲ್ಲ" ಎಂದು ಕೂಗಿದವಳು ಕಾರಣ ಹೇಳುವಷ್ಟಾದರೂ ಕಲಿತೆ.

ಕುಡಿತದ ವಿರುದ್ಧ ನಿಲ್ಲುವುದು ಬೇರೆ, ಹುದುಗಿನ ಜ್ಞಾನವನ್ನೇ ನಾಚಿಕೆಯೆಂದು ಹೂತುಹಾಕುವುದು ಬೇರೆ. ಇವೆರಡನ್ನೂ ನಾನು ಇಷ್ಟು ದಿನ ಒಂದೇ ಎಂದು ತಿಳಿದಿದ್ದೆ. ಅಳತೆ ಗೊತ್ತಿದ್ದವರ ಕೈಯಲ್ಲಿ ಅದು ಬಾಣಂತಿಯ ಔಷಧವಾಗಿತ್ತು. ಅಳತೆ ಗೊತ್ತಿಲ್ಲದವರಿಗೆ ಲಾಭಕ್ಕೆಂದು ಮಾರಿದಾಗ ಅದು ನನ್ನ ಅಣ್ಣನನ್ನು ತಿಂದಿತು.

ನಿಮ್ಮ ಮನೆಗಳಲ್ಲೂ ಇಂಥ ಅಳತೆಗಳಿರಬಹುದು. ಗಂಜಿ ಹುಳಿ ಬರಿಸುವುದು, ಅಂಬಲಿ, ದೋಸೆ ಹಿಟ್ಟು, ಅಜ್ಜಿಯ ಅರಿಷ್ಟ. ಹಿರಿಯರು ಇರುವಾಗಲೇ ಕೇಳಿ ಬರೆದಿಡಿ, ಮುಂದಿನ ಸಂಚಿಕೆಗೆ ಕಳಿಸಿ. ಮೊನ್ನೆ ಧಾರವಾಡಕ್ಕೆ ಹೋದಾಗ ಅಮ್ಮ ಆ ಚೀನೀ ಭರಣಿಯನ್ನು ನನ್ನ ಸೊಸೆಗೆ ಕೊಟ್ಟಳು. ಈಗ ಅದು ನಮ್ಮ ಪುಣೆಯ ಅಡುಗೆ ಕಟ್ಟೆಯ ಮೇಲಿದೆ. ರಾತ್ರಿ ಅದರಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತದೆ. ಚಳಿಗಾಲದಲ್ಲಿ ಸೊಸೆ ಅದನ್ನು ಅಕ್ಕಿ ಡಬ್ಬಿಯೊಳಗೆ ಇಡುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ.